ಬಂಡೆಮ್ಮನ ಬರಿಗೊರಳು

ಸಾಬೂನಿನ ನೊರೆ ಹಚ್ಚಿದ ಆ ತಣ್ಣನೆಯ ಕೈಯನ್ನು ಜೈನಾಬಿ ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಅರಗಿನ ಬಳೆಯನ್ನು ಮೆಲ್ಲಗೆ ಒತ್ತತೊಡಗಿದಳು. ಅವಳ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಳತೆಯ ಬಳೆ. ಆದರೂ ಬೆರಳಗಂಟುಗಳ ಹತ್ತಿರ ಬಂದು ನಿಂತಿತು. ಕಿಡ್ನಿ ಕೆಟ್ಟು ಮೂರು ತಿಂಗಳಿಂದ ಬಾತುಕೊಂಡಿದ್ದ ಬಂಡೆಮ್ಮನ ಕೈ ಅದು. ಬೆಳಗಿನ ಜಾವ ಜೀವ ಹೋದ ಮೇಲೂ ಬಾವು ಇಳಿದಿರಲಿಲ್ಲ.

"ಖಾಲಾ, ಏನ್ ಮಾಡಾಕತ್ತೀರಿ?"

ಬಂಡೆಮ್ಮನ ಮಗ ಕುನಾಲ ಬಾಗಿಲಲ್ಲಿ ನಿಂತಿದ್ದ.

"ಬಳಿ ಇಡಸಾಕತ್ತೀನಿ ಬೇಟಾ. ಕೈ ಇನ್ನೂ ಮೆತ್ತಗ ಅದ. ಒಂದೀಟು ತಡಿ, ಹೋಗ್ತದ."

"ಬ್ಯಾಡ್ರಿ. ತೆಗೀರಿ ಅದನ್ನ."

"ಒಂದ ಬಳಿ..."

"ಬಿಳೀ ಸೀರಿ, ಬಿಳೀ ಹೂ, ಅಷ್ಟ ಸಾಕು. ನಾ ಕಲಸೂ ಕಾಲೇಜಿನವರೆಲ್ಲಾ ಬರಾಕತ್ತಾರ ಖಾಲಾ. ಇವತ್ತೊಂದಿನಾದರೂ ಅವ್ವ ಎಲ್ಲಾರಂಗ ಇರ್ಲಿ."

ಜೈನಾಬಿ ಬಳೆ ಹಿಂದಕ್ಕೆ ತೆಗೆದು ನೊರೆ ಒರೆಸಿದಳು. ಮೋಮಿನಪುರದಲ್ಲಿ ಬಳೆ ಅಂಗಡಿ ಇಟ್ಟು ನಲವತ್ತು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ಅರ್ಧ ಇಡಿಸಿದ ಬಳೆಯನ್ನು ಅವಳು ತೆಗೆದದ್ದು ಇದೇ ಮೊದಲು.

"ಆಕಿ ಸರ, ಡಾಬು ಇಟ್ಟ ಟ್ರಂಕು ಎಲ್ಲದ?" ಎಂದು ಕೇಳಿದಳು.

ಕುನಾಲ ಹೊರಗೆ ಹೋದ. ಅವನ ಹೆಂಡತಿ ಸಂಘಮಿತ್ರಾ ತಲೆ ತಗ್ಗಿಸಿಯೇ ಹೇಳಿದಳು: "ಅತ್ತೀನ್ನ ಇಲ್ಲಿ ಕರ್ಕೊಂಡು ಬರೂ ಮುಂದ ಆ ಮನಿ ಖಾಲಿ ಮಾಡಿದ್ವಲ್ರೀ. ಅವಾಗ ಗುಜರಿಗೆ ಹಾಕಿಬಿಟ್ರು."

"ಎಲ್ಲಾ?"

"ಎಲ್ಲಾ."

"ಆಕಿ ಕೇಳಲಿಲ್ಲೇನು?"

"ಒಮ್ಮಿ ಕೇಳಿದ್ರು. ಅಟ್ಟದ ಮ್ಯಾಲ ಅದ ಅಂದ್ವಿ. ಮತ್ತ ಕೇಳಲಿಲ್ಲ."

*

ಶಹಾಬಜಾರದ ಓಣಿಯಿಂದ ಜೇವರ್ಗಿ ಕಾಲೋನಿಯ ದವಾಖಾನೆಯೊಂದಕ್ಕೆ ಬಂಡೆಮ್ಮ ಇಪ್ಪತ್ತೆಂಟು ವರ್ಷ ಕಸ ಗುಡಿಸಲು ನಡೆದುಹೋದಳು. ಅವಳು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಕೊರಳಲ್ಲಿ ಬೀಗ ಕಳೆದುಕೊಂಡ ನಲವತ್ತೊಂದು ಕೀಲಿಕೈಗಳ ಸರ. ಸೊಂಟಕ್ಕೆ, ಗಡಿಯಾರ ರಿಪೇರಿಯವನು ಬಿಸಾಡಿದ ಹಲ್ಲುಗಾಲಿಗಳನ್ನು ತಾನೇ ಪೋಣಿಸಿ ಮಾಡಿಕೊಂಡ ಡಾಬು. ಕಿವಿಗೆ ದವಡೆ ದಾಟಿ ಇಳಿಯುವ ದೊಡ್ಡ ರಿಂಗು. ಎಡಗೈಗೆ ಮೊಣಕೈತನಕ ಬಳೆ. ಬಲಗೈ ಮಾತ್ರ ಬರಿದು. ಅದು ಕಸಬರಿಗೆ ಹಿಡಿಯುವ ಕೈ. ಸೂಜಿಗೆ ಹೆದರಿ ಚೀರುವ ಮಕ್ಕಳು ಅವಳ ಕೀಲಿಕೈ ಎಣಿಸುತ್ತ ಎಣಿಸುತ್ತ ಸುಮ್ಮನಾಗುತ್ತಿದ್ದವು. ಸಪ್ಪಳ ಕಡಿಮೆ ಮಾಡೆಂದು ಬೈಯುತ್ತಿದ್ದ ಡಾಕ್ಟರರು, ಅಳುವ ಮಗು ಬಂದಾಗ ತಾವೇ ಅವಳನ್ನು ಕೂಗುತ್ತಿದ್ದರು.

ಜೈನಾಬಿಗೆ ಅವಳ ಗುರುತಾದದ್ದು ಬಂಡೆಮ್ಮನ ಗಂಡ ಸತ್ತ ಮೇಲೆ. ಕುನಾಲನಿಗೆ ಆಗ ನಾಲ್ಕು ವರ್ಷ. ಓಣಿಯ ಹೆಂಗಸರು ಬಂಡೆಮ್ಮನ ಕೈಬಳೆ ಒಡೆದು ಹೋಗಿ ಒಂದು ತಿಂಗಳೂ ಆಗಿರಲಿಲ್ಲ. ಮಗನನ್ನು ಬಗಲಲ್ಲಿ ಎತ್ತಿಕೊಂಡೇ ಅಂಗಡಿಯ ಮುಂದೆ ಕೂತು ಎಡಗೈ ಚಾಚಿದ್ದಳು.

"ಕೈತುಂಬ ಇಡಸವ್ವ. ಹಸರು, ಕೆಂಪು, ಕನ್ನಡಿದು, ಎಲ್ಲಾ ಕೂಡಿಸಿ."

"ಯಾವ ಹಬ್ಬ ಅದ?"

"ಸೋಮವಾರ ಅದ."

"ಸೋಮವಾರ ಒಂದು ಹಬ್ಬ ಏನ?"

"ಹಬ್ಬ ಬರೂತನ ಯಾರು ಕಾಯಬೇಕು? ನಾ ಇವತ್ತ ಅದೀನಿ ಇಲ್ಲೋ?"

ಜೈನಾಬಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಅವಳ ಅಂಗಡಿಯಲ್ಲಿ ಹೆಣ್ಣುಮಕ್ಕಳು ಮದುವೆಗೆಂದು, ಸೀಮಂತಕ್ಕೆಂದು, ಅತ್ತೆ ಬೈದಳೆಂದು ಬಳೆ ಇಡಿಸಿಕೊಂಡಿದ್ದರು. ತನಗೆ ಚೆಂದ ಕಾಣಲೆಂದು ಇಡಿಸಿಕೊಂಡವಳು ಇವಳೊಬ್ಬಳೇ. ಅಂದಿನಿಂದ ಸೋಮವಾರಗಳಲ್ಲಿ ಜೈನಾಬಿ ಚಹಾ ಎರಡು ಕಪ್ಪು ಮಾಡಿಡತೊಡಗಿದಳು.

*

ಹೆಣದ ಗಾಡಿ ಮುಂದೆ, ಬಂಧುಗಳ ಕ್ರೂಸರ್ ಹಿಂದೆ. ಬಂಡೆಮ್ಮನ ತವರು ಕಮಲಾಪುರದಲ್ಲಿ ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು. ಊರು ದಾಟಿದ ಮೇಲೆ ಕುನಾಲ ತಾನಾಗಿಯೇ ಮಾತು ತೆಗೆದ.

"ನನ್ನ ಮ್ಯಾಲ ಸಿಟ್ಟದ ನಿಮಗ."

ಜೈನಾಬಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಸಾಲ್ಯಾಗ ನನಗ ಹೆಸರ ಇರಲಿಲ್ಲ ಖಾಲಾ. ಗುಜರಿ ಅಂತಿದ್ರು. ಏ ಗುಜರಿ, ನಿಮ್ಮವ್ವ ಬಂದ್ಲು ನೋಡು ಅಂತಿದ್ರು. ಹಾಕ್ಕೊಂಡಾಕಿ ಆಕಿ. ನಗಸ್ಕೊಂಡಾಂವ ನಾ."

ಅದು ಸುಳ್ಳಲ್ಲವೆಂದು ಜೈನಾಬಿಗೂ ಗೊತ್ತಿತ್ತು. ಮಡಿಲಲ್ಲಿದ್ದ ಬಳೆಯ ಚೀಲವನ್ನು ಕಾಲ ಬಳಿಗೆ ಸರಿಸಿದಳು.

*

ಹದಿನೈದು ದಿನದ ಹಿಂದೆ ಅವಳು ನೋಡಲು ಹೋದಾಗ, ಬಂಡೆಮ್ಮ ಗೋಡೆಯ ಕಡೆ ಮಗ್ಗುಲಾಗಿ ಮಲಗಿದ್ದಳು. ಕೊರಳಲ್ಲಿ, ಕೈಯಲ್ಲಿ ಒಂದು ಎಳೆ ದಾರವೂ ಇರಲಿಲ್ಲ. ಸೊಸೆ ಅಡಿಗೆಮನೆಗೆ ಹೋದದ್ದೇ, ಪಿಸುದನಿಯಲ್ಲಿ ಕೇಳಿದ್ದಳು.

"ಜೈನಾ, ಚೀಲದಾಗ ಏನರ ತಂದೀಯೇನು?"

ಚೀಲದಲ್ಲಿ ಒಂದು ಡಜನ್ ಇದ್ದವು. ಕನ್ನಡಿ ಕೂರಿಸಿದ ಅರಗಿನ ಬಳೆಗಳು. ಆದರೆ ಆ ಬಾತ ಕೈ ನೋಡಿ ಜೈನಾಬಿಗೆ ಧೈರ್ಯ ಸಾಲಲಿಲ್ಲ. ಇಡಿಸುವಾಗ ನೋವಾದರೆ? ಕುನಾಲ ಏನಾದರೂ ಅಂದರೆ?

"ಇವತ್ತ ತಂದಿಲ್ಲ ಬಂಡೆಮ್ಮ. ಬಾವು ಇಳೀಲಿ. ಆಮ್ಯಾಲ ಇಡಸ್ತೀನಿ, ಮೊಣಕೈತನಕ."

"ಆಮ್ಯಾಲ..." ಎಂದಳು ಬಂಡೆಮ್ಮ. ತನ್ನ ಬರಿದಾದ ಎಡಗೈಯನ್ನು ಸ್ವಲ್ಪ ಹೊತ್ತು ನೋಡಿ, ಹೊದಿಕೆಯೊಳಗೆ ಎಳೆದುಕೊಂಡಳು.

*

ಕಮಲಾಪುರದಲ್ಲಿ ಬಾಳೆತೋಟದ ಬದಿಯ ಜಾಗದಲ್ಲಿ ಕುಣಿ ತೋಡಿಯಾಗಿತ್ತು. ಬಂಡೆಮ್ಮನ ಅಣ್ಣ ಯಂಕಪ್ಪನನ್ನು ಇಬ್ಬರು ರೆಟ್ಟೆ ಹಿಡಿದು ಕರೆತಂದರು. ಅವನ ಎರಡೂ ಕಣ್ಣು ಹೋಗಿ ಏಳೆಂಟು ವರ್ಷವಾಗಿತ್ತು. ತಂಗಿ ಬಸ್ಸಿಳಿದು ಬರುವಾಗ ಓಣಿಯ ತುದಿಯಲ್ಲೇ ಸಪ್ಪಳ ಹಿಡಿದು, "ಬಂಡಿ ಬಂದ್ಲು, ಚಹಾಕ್ಕ ಇಡ್ರಿ" ಎನ್ನುತ್ತಿದ್ದವನು.

ಅವನು ಕುಂತು, ತಡವರಿಸಿ ಹೆಣದ ಮುಖ ಮುಟ್ಟಿದ. ಕಿವಿ ಮುಟ್ಟಿದ. ಕೊರಳ ಮೇಲೆ ಬೆರಳಾಡಿಸಿದ. ಎಡಗೈಯನ್ನು ಮಣಿಕಟ್ಟಿನಿಂದ ಮೊಣಕೈತನಕ ಸವರಿ, ಮತ್ತೆ ಕೆಳಕ್ಕೆ ಸವರಿದ.

"ಯಾರಿವರು?" ಎಂದ.

"ಅವ್ವ, ಮಾಮಾ," ಎಂದ ಕುನಾಲ.

"ಸುಳ್ಳ ಹೇಳಬ್ಯಾಡೋ. ನಮ್ಮ ಬಂಡಿ ಹಿಂಗಿರಂಗಿಲ್ಲ. ದವಾಖಾನ್ಯಾಗ ಬ್ಯಾರೆ ಯಾರ್ನರ ಕೊಟ್ಟಾರ ನೋಡ್ರಿ."

ಯಾರೋ, "ಆಕೀನ ಅದಾಳಪ್ಪ, ಆಕೀನ" ಎಂದರು. ಮುದುಕ ಒಪ್ಪಲಿಲ್ಲ. ಕೈ ಕೊಡವಿ ಎದ್ದು, "ನಮ್ಮಾಕಿ ಎಲ್ಲಿ? ನಮ್ಮಾಕೀನ ಕರ್ಕೊಂಡು ಬರ್ರಿ" ಎನ್ನುತ್ತ ಗಾಡಿಯ ಕಡೆ ಕೈ ಚಾಚಿ ನಡೆಯಹೋದ. ಜನ ಹಿಡಿದು ಮರದ ಕೆಳಗೆ ಕೂರಿಸಿದರು.

ಕುನಾಲ ಜೈನಾಬಿಯ ಹತ್ತಿರ ಬಂದ.

"ಇಡಸ್ರಿ ಖಾಲಾ. ಎಷ್ಟು ತಂದೀರಿ ಅಷ್ಟೂ ಇಡಸ್ರಿ."

ಜೈನಾಬಿ ನೆಲಕ್ಕೆ ಕೂತು ಆ ಕೈಯನ್ನು ಎತ್ತಿಕೊಂಡಳು. ಹೆಬ್ಬೆರಳು ಮಡಿಸಲು ನೋಡಿದಳು, ಅದು ಮಣಿಯಲಿಲ್ಲ. ಮತ್ತೊಮ್ಮೆ ನೋಡಿದಳು. ಬೆರಳುಗಳೆಲ್ಲ ಒಂದೇ ಕಟ್ಟಿಗೆಯಾಗಿದ್ದವು.

"ಈಗ ಆಗಂಗಿಲ್ಲ ಬೇಟಾ," ಎಂದಳು. "ಕೈ ಸೆಟದದ. ಮುಂಜಾನಿ ಆಗ್ತಿತ್ತು."

ಬಳೆ ತಂದಿಲ್ಲವೆಂದು ಹೇಳಿದ ಆ ದಿನವೂ ಅವಳಿಗೆ ನೆನಪಾಯಿತು.

ಬುದ್ಧಂ ಶರಣಂ ಎಂಬ ದನಿಗಳ ನಡುವೆ ಬಿಳಿ ಬಟ್ಟೆಯ ಮೈ ಕೆಳಗಿಳಿಯಿತು. ಒಂದಿಷ್ಟೂ ಸಪ್ಪಳವಾಗಲಿಲ್ಲ.

*

ಕಲಬುರಗಿಗೆ ಮರಳುವಾಗ ಶಹಾಬಜಾರದ ಫೋಟೋ ಸ್ಟುಡಿಯೋದ ಮುಂದೆ ಕ್ರೂಸರ್ ನಿಂತಿತು. ಕುನಾಲ ಇಳಿದುಹೋಗಿ, ಕಾಗದ ಸುತ್ತಿದ ಚೌಕಟ್ಟೊಂದನ್ನು ತಂದು, ಬಿಚ್ಚಿಯೂ ನೋಡದೆ ಜೈನಾಬಿಯ ಮಡಿಲಿಗೆ ಕೊಟ್ಟ.

"ಮುಂಜಾನೆನೇ ಹೇಳಿದ್ದೆ. ಮೈಮ್ಯಾಲ ಸರ, ಬಳಿ ಏನೂ ಇಲ್ಲದ ಫೋಟೋ ಒಂದೂ ಸಿಗಲಿಲ್ಲ. ಕಂಪ್ಯೂಟರ್‌ನಾಗ ಅಳಿಸಿ ಕೊಡು ಅಂದಿದ್ದೆ," ಎಂದು ಹೇಳಿ ಮುಂದಿನ ಸೀಟಿನಲ್ಲಿ ಕೂತುಬಿಟ್ಟ.

ಗಾಡಿ ಹೊರಟಿತು. ಜೈನಾಬಿ ಕಾಗದ ಸರಿಸಿದಳು. ಬಂಡೆಮ್ಮ ಹಲ್ಲು ಬಿಟ್ಟು ನಗುತ್ತಿದ್ದಳು. ಕೊರಳು ನುಣ್ಣಗಿತ್ತು. ಭಾರಕ್ಕೆ ಜೋತು ಅಗಲವಾಗಿದ್ದ ಕಿವಿಯ ತೂತುಗಳನ್ನೂ ಸ್ಟುಡಿಯೋದವನು ಮುಚ್ಚಿ ಸರಿಮಾಡಿದ್ದ. ದವಡೆಯ ಕೆಳಗೆ ಮಾತ್ರ ಅವನ ಕಣ್ಣು ತಪ್ಪಿತ್ತು. ಎಂದೋ ಒಂದು ದಿನದ ಬಿಸಿಲಿಗೆ ಬಿದ್ದಿದ್ದ, ಕಿವಿಯ ದೊಡ್ಡ ರಿಂಗಿನ ನೆರಳು, ಕುತ್ತಿಗೆಯ ಬರಿ ಚರ್ಮದ ಮೇಲೆ ದುಂಡಗೆ ಹಾಗೆಯೇ ಉಳಿದಿತ್ತು.