ಕೊಡೆ ಮೇಷ್ಟ್ರ ಏಣಿ

ಬಕೆಟ್ ಮತ್ತೆ ತುಂಬಿತ್ತು. ಮಗಳು ಅದನ್ನೆತ್ತಿ ಹೊರಗೆ ಸುರಿದು ಬಂದು, ಅಪ್ಪನ ಶವಪೆಟ್ಟಿಗೆಯ ಪಕ್ಕ ಹನಿ ಬೀಳುವ ಜಾಗಕ್ಕೆ ಸರಿಯಾಗಿ ಇಟ್ಟಳು. ಯಹೂದಿಗಳ ಆ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಸೋರದ ಜಾಗ ಹುಡುಕಿಯೇ ಪೆಟ್ಟಿಗೆ ಇಳಿಸಿದ್ದರು. ಅಲ್ಲೂ ಸೋರಿತು.

"ಜೀವನಪೂರ್ತಿ ಊರವರ ಕೊಡೆ ರಿಪೇರಿ ಮಾಡಿದ ಮನುಷ್ಯ. ಕಡೆಗೂ ತಲೆ ಮೇಲೆ ಸೋರೋದು ತಪ್ಪಲಿಲ್ಲ ನೋಡಿ," ಎಂದ ಬೇಕರಿಯವನು.

"ಮೆತ್ತಗೆ ಮಾತಾಡೋ, ಮಗಳು ಇಲ್ಲೇ ಇದ್ದಾಳೆ," ಟೈಲರ್ ಅಕ್ಕ ಗದರಿದಳು. ಆಮೇಲೆ ಮಗಳ ಕೈ ಹಿಡಿದುಕೊಂಡಳು. "ನಿಮ್ಮಪ್ಪ ನಮಗೆಲ್ಲ ಎಷ್ಟು ಸ್ಫೂರ್ತಿ ಕೊಟ್ಟರಮ್ಮ!"

ಮಗಳು ಬಕೆಟ್ ನೋಡಿದಳು.

*

ಪ್ರತಿ ಶನಿವಾರ ಮಧ್ಯಾಹ್ನ ಅಪ್ಪ ಇಲ್ಲೇ ಧರ್ಮಗ್ರಂಥ ತೋರಾದ ಪಾಠ ಹೇಳುತ್ತಿದ್ದ. ಅದಕ್ಕೇ ಎಲ್ಲರಿಗೂ ಕೊಡೆ ಮೇಷ್ಟ್ರು. ಎಲ್ಲಿಂದ ಶುರುಮಾಡಿದರೂ ಸುತ್ತಿಬಳಸಿ ಒಂದೇ ಕತೆಗೆ ಬರುತ್ತಿದ್ದ. ಮರಳುಗಾಡಿನಲ್ಲಿ ದೇವರಿಗೊಂದು ಗುಡಾರ ಕಟ್ಟಬೇಕು. ಪ್ರವಾದಿ ಮೋಶೆ ಯಾರನ್ನೂ ಬಲವಂತ ಮಾಡಲಿಲ್ಲ, ಮನಸ್ಸು ಬಂದವರು ತನ್ನಿ ಎಂದ. ಬಳೆ ಬಂತು, ಉಂಗುರ ಬಂತು, ಹೆಂಗಸರು ಮೇಕೆ ಕೂದಲು ನೂತು ತಂದರು. ಕಡೆಗೆ, ಸಾಕು, ಇನ್ನು ತರಬೇಡಿ ಎಂದು ಸಾರಬೇಕಾಯಿತು.

"ನಮ್ಮ ಮಾಡಿಗೂ ಹಾಗೇ ಆಗಬೇಕು," ಎಂದು ಅಪ್ಪ ಮೇಲೆ ಸೋರುವ ಹೆಂಚುಗಳತ್ತ ನೋಡುತ್ತಿದ್ದ.

"ನೋಡೋಣ ಮೇಷ್ಟ್ರೇ," ಬೇಕರಿಯವನು ತೂಕಡಿಕೆಯಲ್ಲೇ ಅನ್ನುತ್ತಿದ್ದ.

ಅಪ್ಪ ಹೆಂಚು ತರಿಸಿದ, ಏಣಿ ತರಿಸಿದ. ಎರಡೂ ಮಂದಿರದ ಹಿತ್ತಲಲ್ಲಿ ಪಾಚಿ ಹಿಡಿದವು.

"ನೀನೇ ಹತ್ತಿ ಹಾಕಿಬಿಡಪ್ಪ!" ಮಗಳು ರೇಗಿದ್ದಳು.

"ನಾನು ಹಾಕಿದರೆ ನನ್ನ ಮಾಡು ಆಗತ್ತೆ ಕಣಮ್ಮ. ಅವರದಾಗಬೇಕು. ಸಾಯೋದರೊಳಗೆ ನಾನೂ ಒಂದು ಸಲ 'ಸಾಕು' ಅನ್ನಬೇಕು."

"ಅಷ್ಟರಲ್ಲಿ ಪುಸ್ತಕಗಳೆಲ್ಲ ನೆನೆದು ಮುದ್ದೆ ಆಗಿರತ್ತೆ."

*

ಮಂದಿರದ ಹಿಂದೆಯೇ ಸ್ಮಶಾನ. ಮಳೆ ಬಿಟ್ಟಿತ್ತು. ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ಮಣ್ಣು ಹಾಕಬೇಕು. ಆದರೆ ಪದ್ಧತಿಯ ಪ್ರಕಾರ ಸಲಿಕೆಯನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಮಣ್ಣಿಗೆ ಚುಚ್ಚಿ ಸರಿಯಬೇಕು, ಮುಂದಿನವರು ತಾವಾಗಿ ಎತ್ತಿಕೊಳ್ಳಬೇಕು.

ಬೇಕರಿಯವನು ಅಂಗಿಯ ತೋಳು ಮಡಚಿ ಸಲಿಕೆ ಎತ್ತಿದ. ಅವನಾದ ಮೇಲೆ ಟೈಲರ್ ಅಕ್ಕ, ಆಮೇಲೆ ಉಳಿದವರು. ಗುಂಡಿ ತುಂಬಿತು. ಆದರೂ ಸಲಿಕೆ ನೆಲದಲ್ಲಿ ನಿಲ್ಲಲಿಲ್ಲ. ಒಬ್ಬರು ಚುಚ್ಚುವಷ್ಟರಲ್ಲಿ ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದರು. ದಿಬ್ಬ ಅಕ್ಕಪಕ್ಕದ ಗೋರಿಗಳಿಗಿಂತ ಎತ್ತರವಾಯಿತು. ಬೇಕರಿಯವನು ಏದುಸಿರು ಬಿಡುತ್ತಾ ಮತ್ತೆ ಬಂದ. ಈ ತೋಳುಗಳೆಲ್ಲ ಇಷ್ಟು ವರ್ಷ ಎಲ್ಲಿದ್ದವು?

"ಸಾಕು," ಎಂದಳು ಮಗಳು. ಯಾರಿಗೂ ಕೇಳಿಸಲಿಲ್ಲ.

"ಸಾಕು! ಇನ್ನು ಹಾಕಬೇಡಿ!"

ಎಲ್ಲರೂ ನಿಂತರು. ಆ ಮಾತು ಅಪ್ಪನದು ಎಂದು ಅವಳಿಗೆ ಹೊಳೆದದ್ದು ಆಮೇಲೆ. ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಬೇಕರಿಯವನು ಬೆವರು ಒರೆಸಿಕೊಂಡ. "ಮೇಷ್ಟ್ರ ಹೆಸರಲ್ಲಾದರೂ ಆ ಮಾಡು ಸರಿಮಾಡಬೇಕಮ್ಮ."

"ಯಾವಾಗ?"

"ನೋಡೋಣ."

ಮತ್ತೆ ಹನಿ ಶುರುವಾಯಿತು. ಕೊಡೆಗಳು ಬಿಚ್ಚಿಕೊಂಡವು. ಎಲ್ಲದರಲ್ಲೂ ಅಪ್ಪನ ಕಪ್ಪು ದಾರದ ಹೊಲಿಗೆ. ಮಗಳು ನೆನೆಯುತ್ತಲೇ ಹಿತ್ತಲಿಗೆ ಹೋದಳು. ಏಣಿಯನ್ನು ಎಳೆದು ತಂದು, ಗೇಟಿಗೆ ಹೋಗುವ ದಾರಿಯಲ್ಲೇ ಮಂದಿರದ ಗೋಡೆಗೆ ಒರಗಿಸಿ, ಕಾಲುಗಳನ್ನು ಮಣ್ಣಿಗೆ ಒತ್ತಿ ನಿಲ್ಲಿಸಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ಕೊಡೆಗಳು ಏಣಿಯ ಪಕ್ಕದಿಂದ ಸುತ್ತಿಕೊಂಡು ಗೇಟಿನ ಕಡೆ ಹೋದವು. ಒಂದು ಕೊಡೆ ಮಾತ್ರ ಅದರ ಬುಡದಲ್ಲಿ ನಿಂತಿತು, ಮೇಲೆ ನೋಡಲೆಂದು ನಿಧಾನವಾಗಿ ಹಿಂದಕ್ಕೆ ವಾಲಿತು.