ಮಾರ್ಗೋಳ ಪುಟ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಧಾರವಾಡದಲ್ಲಿ ನನ್ನ ಶಾಲೆಯ ಮಕ್ಕಳೆಲ್ಲ ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳಿಗೆ ಅಷ್ಟೂ ಇರದಿದ್ದರೆ ಹೇಗೆ? ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ರಜೆ ಹಾಕಿ, ಒಂದು ವರ್ಷದ ಕೋರ್ಸಿಗೆಂದು ಲಂಡನ್ನಿಗೆ ಬಂದೆ. ಉಳಿದುಕೊಂಡದ್ದು ಮಾತ್ರ ಊರಂಚಿನ ಹ್ಯಾರೋದಲ್ಲಿ, ಒಂದು ಫ್ರೆಂಚ್ ಕುಟುಂಬದ ಮನೆಯಲ್ಲಿ. ರೂಮು, ಊಟ ಅವರದು. ದಿನಕ್ಕೆ ಎರಡು ತಾಸು ಇಂಗ್ಲಿಷ್ ಪಾಠ ನನ್ನದು.

"ಇಂಗ್ಲಿಷರ ಊರಾಗ ಫ್ರೆಂಚರಿಗೆ ಇಂಗ್ಲಿಷ್ ಕಲಿಸಾಕ ಧಾರವಾಡದಾಕಿನ ಬೇಕಾತಲ್ಲ!" ಎಂದು ನನ್ನ ಗಂಡ ಶಿವಪ್ರಕಾಶ ಫೋನಿನಲ್ಲಿ ಬಿದ್ದು ಬಿದ್ದು ನಕ್ಕರು.

ಮೊದಲ ದಿನವೇ ನಾನು ಮೂಗಿನ ಮೇಲೆ ಬೆರಳಿಟ್ಟೆ. ಊಟಕ್ಕೆ ಕುಳಿತವರು ಒಂದೂವರೆ ತಾಸು ಏಳಲಿಲ್ಲ. ಟಿವಿ ಇಲ್ಲ, ಫೋನಿಲ್ಲ, ಬರೀ ಮಾತು. ಬ್ರೆಡ್ಡನ್ನು ತಟ್ಟೆಯಿಲ್ಲದೆ ಮೇಜಿನ ಮೇಲೇ ಇಟ್ಟುಕೊಂಡು ಮುರಿದು ತಿಂದರು. ಅವರ ಚೀಸಿನ ವಾಸನೆಯ ಬಗ್ಗೆ ನಾನೇನೂ ಹೇಳುವುದಿಲ್ಲ, ಉಂಡ ಮನೆ. ಪ್ರತಿಯೊಬ್ಬರಿಗೂ ಬಾಯಿ ಒರೆಸಲು ಒಂದು ಬಟ್ಟೆ, ಅದನ್ನು ಸುತ್ತಿಡಲು ಹೆಸರು ಬರೆದ ಮರದ ಬಳೆ. ನನ್ನ ಜಾಗದಲ್ಲೂ ಒಂದು ಬಳೆ ಇತ್ತು. ಅದರ ಮೇಲೆ 'ಕಲ್ಯಾಣಿ' ಎಂದು, ಕನ್ನಡದಲ್ಲಿ! ಮನೆಯ ಯಜಮಾನ ಗಿಲ್ದಾಸ್ ಎಲ್ಲಿಂದಲೋ ಅಕ್ಷರ ಹುಡುಕಿ, ನೋಡಿ ನೋಡಿ ಬರೆದಿದ್ದ. ಒತ್ತಕ್ಷರ ತುಸು ಸೊಟ್ಟಗಿತ್ತು. ನನ್ನಂಥ ಜಗಳಗಂಟಿಗೂ ಕಣ್ಣು ತುಂಬಿ ಬಂತು.

ಗಿಲ್ದಾಸ್ ಇಲ್ಲಿಯ ಒಂದು ಫ್ರೆಂಚ್ ಶಾಲೆಯಲ್ಲಿ ಮೇಷ್ಟ್ರು. ಹನ್ನೆರಡರ ಬಾಸ್ಟಿಯನ್, ಎಂಟರ ಲುಸೀಲ್ ಅವನ ಮಕ್ಕಳು. ನನ್ನ ನಿಜವಾದ ವಿದ್ಯಾರ್ಥಿನಿ ಎಂದರೆ ಅವನ ಹೆಂಡತಿ ಸೊಲೆನ್. ಆಕೆ ಸೂಲಗಿತ್ತಿ. ತಮ್ಮೂರು ನಾಂತ್‌ನ ಆಸ್ಪತ್ರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವಳು. ಇಲ್ಲಿಯೂ ಕೆಲಸ ಸಿದ್ಧವಾಗಿತ್ತು, ಆದರೆ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕಿತ್ತು. ನಾನು ಬರುವ ಮೊದಲೇ ಒಮ್ಮೆ ಫೇಲಾಗಿದ್ದಳು. ಬೇಸಿಗೆಯೊಳಗೆ ಪಾಸಾಗದಿದ್ದರೆ ಕೆಲಸ ಬೇರೆಯವರಿಗೆ, ಇವರೆಲ್ಲ ಗಂಟುಮೂಟೆ ಕಟ್ಟಿ ನಾಂತ್‌ಗೆ.

ಪರೀಕ್ಷೆಯಲ್ಲಿ ಮೊದಲು ಕೇಳುವುದು ಮನೆಯವರ ಬಗ್ಗೆ. ನಾನೂ ಅಲ್ಲಿಂದಲೇ ಶುರು ಮಾಡಿದೆ.

"ನನಗೆ ಮೂವರು ಮಕ್ಕಳು," ಎಂದಳು ಸೊಲೆನ್ ಇಂಗ್ಲಿಷಿನಲ್ಲಿ.

"ಇಬ್ಬರು," ಎಂದು ತಿದ್ದಿದೆ.

ನಾನು ಎರಡು ಬೆರಳೆತ್ತಿ ಹತ್ತು ಸಲ 'ಇಬ್ಬರು' ಎಂದು ಹೇಳಿಸಿದೆ. ಮೂರನೆಯ ದಿನ ಮತ್ತೆ 'ಮೂವರು' ಎಂದಳು. ಪೆನ್ಸಿಲಿನಿಂದ ಮೇಜು ಕುಟ್ಟಿದೆ. "ಎಣಿಸಿ ನೋಡಿ ಸೊಲೆನ್! ಬಾಸ್ಟಿಯನ್ ಒಬ್ಬ, ಲುಸೀಲ್ ಒಬ್ಬಳು!" ಎಂದು ರೇಗಿದೆ. ಅವತ್ತಿನಿಂದ ಆಕೆ 'ಇಬ್ಬರು' ಎಂದೇ ಹೇಳತೊಡಗಿದಳು. ಹೇಳಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಬಾಯಿಯೇ ಬಿಡುತ್ತಿರಲಿಲ್ಲ. ನೀರಿಳಿಯದ ಗಂಟಲಿಗೆ ಕಡುಬು ತುರುಕುತ್ತಿದ್ದೇನೆ ಎಂದು ನನಗೆ ತಿಳಿಯಲಿಲ್ಲ. ದಡ್ಡಿ ಎಂದುಕೊಂಡೆ, ದೇವರು ನನ್ನನ್ನು ಕ್ಷಮಿಸಲಿ.

ಫೆಬ್ರವರಿಯಲ್ಲಿ ಮತ್ತೆ ಫೇಲಾದಳು. ನನ್ನ ಕೈಯಲ್ಲಿ ಕಲಿತೂ ಫೇಲು! ಫಲಿತಾಂಶ ಬಂದ ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಹರಿಹಾಯ್ದೆ. "ನಿಮಗೆ ಎಲ್ಲಾ ಬರುತ್ತೆ. ಮೊದಲನೇ ಪ್ರಶ್ನೆಗೇ ಬಾಯಿ ಕಟ್ಟಿತು ಅಂದರೆ ಏನರ್ಥ?"

ಸೊಲೆನ್ ಎದ್ದು ಹೋದಳು. ಸಿಟ್ಟಾದಳು ಎಂದುಕೊಂಡೆ. ವಾಪಸು ಬಂದಾಗ ಕೈಯಲ್ಲೊಂದು ತೆಳ್ಳನೆಯ ಪುಸ್ತಕವಿತ್ತು. ಅವರ ದೇಶದಲ್ಲಿ ಮದುವೆಯಾದವರಿಗೆ ಸರ್ಕಾರವೇ ಕೊಡುವ ಪುಸ್ತಕವಂತೆ. ಹುಟ್ಟಿದ ಮಕ್ಕಳನ್ನೆಲ್ಲ ಅದರಲ್ಲಿ ದಾಖಲು ಮಾಡುತ್ತಾರಂತೆ. ಒಂದು ಪುಟದಲ್ಲಿ ಬಾಸ್ಟಿಯನ್. ಅದರಾಚೆ ಲುಸೀಲ್. ನಡುವೆ ಇನ್ನೊಂದು ಪುಟ: ಮಾರ್ಗೋ. ಒಂದೇ ಒಂದು ತಾರೀಖು, ಕೆಳಗೆ ದುಂಡನೆಯ ಮುದ್ರೆ.

"ಜೀವವಿಲ್ಲದೆ ಹುಟ್ಟಿದ ಮಗು ಅಂತ ಬರೆದಿದ್ದಾರೆ," ಎಂದಳು. "ಪರೀಕ್ಷೆಯಲ್ಲಿ ಇಬ್ಬರು ಅಂದೆ ಮದಾಮ್ ಕಲ್ಯಾಣಿ. ಮಾರ್ಗೋಳನ್ನು ಬಾಗಿಲ ಹೊರಗೆ ನಿಲ್ಲಿಸಿ ಬಂದ ಹಾಗಾಯಿತು. ಆಮೇಲೆ ಮಾತು ಬರಲಿಲ್ಲ."

ನಾನು ಆ ಮುದ್ರೆಯನ್ನೇ ನೋಡಿದೆ. ಒಂದು ಉಸಿರೂ ಆಡದ ಕೂಸು! ಅದಕ್ಕೊಂದು ಪುಟ, ಹೆಸರು, ಸರ್ಕಾರದ ಠಸ್ಸೆ! ಲಂಡನ್ನಿನಲ್ಲಿ ಅರಮನೆ ನೋಡಿದ್ದೆ, ಅಷ್ಟೆತ್ತರದ ಗಾಜಿನ ಕಟ್ಟಡಗಳನ್ನು ನೋಡಿದ್ದೆ. ಅವು ಯಾವುದಕ್ಕೂ ನನ್ನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ. ಪುಟವನ್ನು ಮುಟ್ಟಬಹುದೇ ಎಂದು ಕೇಳಿದೆ. ಆಕೆ ನನ್ನ ಕೈ ಹಿಡಿದು ಆ ಹೆಸರಿನ ಮೇಲೆ ಇಟ್ಟಳು.

ಆಮೇಲೆ ನಾನು ಇಪ್ಪತ್ತೈದು ವರ್ಷ ಯಾರಿಗೂ ಹೇಳದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಗ ಸಮರ್ಥನಿಗಿಂತ ಮೊದಲು ನನಗೊಂದು ಹೆಣ್ಣಾಗಿತ್ತು. ಕೂಸು ಅಳಲೇ ಇಲ್ಲ. "ಮುಖಾ ನೋಡಬ್ಯಾಡವಾ, ಮುಂದ ಛಲೋ ಆಗೂದಿಲ್ಲ," ಎಂದರು ಅತ್ತೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗೆ ಕೊಟ್ಟರು. ಅವರು ಮಣ್ಣು ಮಾಡಿ ಬಂದು ಕೈಕಾಲು ತೊಳೆದುಕೊಂಡರು, ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. ಅಂದಿನಿಂದ ಯಾರು ಕೇಳಿದರೂ ನನಗೆ ಒಬ್ಬನೇ ಮಗ.

'ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ' ಎಂಬ ಸಮಾಧಾನದ ವಾಕ್ಯಗಳನ್ನು ನಾನೇ ಪರೀಕ್ಷೆಗೆಂದು ಆಕೆಗೆ ಬಾಯಿಪಾಠ ಮಾಡಿಸಿದ್ದೆ. ಒಂದನ್ನೂ ಹೇಳಲಿಲ್ಲ ಪುಣ್ಯಾತಗಿತ್ತಿ. ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದಳು: "ಕೂದಲಿತ್ತಾ?"

"ಇತ್ತು," ಎಂದೆ. ಬಟ್ಟೆ ಸುತ್ತುವಾಗ ನೆತ್ತಿ ಕಂಡಿತ್ತು. "ಕಪ್ಪಗೆ, ದಟ್ಟವಾಗಿ." ಅದನ್ನು ನಾನು ನೋಡಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಎರಡು ಸಾವಿರ ಕೂಸುಗಳನ್ನು ಎತ್ತಿದ ಕೈ ನನ್ನ ಬೆನ್ನ ಮೇಲಿತ್ತು.

ಮೇ ತಿಂಗಳಲ್ಲಿ ಮೂರನೆಯ ಪರೀಕ್ಷೆ. ಬಾಗಿಲಲ್ಲಿ ನಿಂತು ಹೇಳಿದೆ: "ಮೂವರು ಅಂತಲೇ ಹೇಳಿ. ಮಾರ್ಕು ಹೋದರೆ ಹೋಗಲಿ." ಇಪ್ಪತ್ತೆರಡು ವರ್ಷದಲ್ಲಿ ಈ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಆಕೆ ಮೂವರು ಎಂದಳಂತೆ, ನಡುವಿನವಳ ಹೆಸರು ಮಾರ್ಗೋ ಎಂದಳಂತೆ. ಆಮೇಲೆ ಮಾತು ನಿಲ್ಲಲೇ ಇಲ್ಲವಂತೆ. ಎರಡು ವಾರಕ್ಕೆ ಫಲಿತಾಂಶ ಬಂತು: ಪಾಸ್! ಗಿಲ್ದಾಸ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ಧಾರವಾಡದಲ್ಲಾಗಿದ್ದರೆ ಓಣಿಯೇ ಸೇರುತ್ತಿತ್ತು.

ಹೋಳಿಗೆ ಮಾಡಿ ಹಾಕೋಣವೆಂದು ಶನಿವಾರ ಹತ್ತಿರದ ರೇನರ್ಸ್ ಲೇನಿನ ನಮ್ಮವರ ಅಂಗಡಿಗೆ ಹೋದೆ. ಅಂಗಡಿಯ ಸಿರಿಶಾ ಬೆಂಗಳೂರಿನವಳು, ಮಾತಿನ ಮಲ್ಲಿ.

"ಇಷ್ಟೊಂದು ಕಡ್ಲೆಬೇಳೆನಾ! ಮಕ್ಕಳು ಬಂದಿದಾರಾ ಮೇಡಂ? ನಿಮಗೆ ಎಷ್ಟು ಜನ ಮಕ್ಕಳು?"

"ಒಬ್ಬ..." ಎಂದವಳು ನಿಂತೆ. "ಇಬ್ರು. ದೊಡ್ಡಾಕಿ ಮಗಳು."

"ಹೌದಾ? ಹೇಳೇ ಇಲ್ಲ ನೀವು! ಏನು ಹೆಸರು?"

ಚೀಲ ಅಲ್ಲೇ ಬಿಟ್ಟು ಹೊರಗೆ ಬಂದು ಫೋನ್ ಮಾಡಿದೆ. ಊರಿನಲ್ಲಿ ಸಂಜೆ.

"ರೀ," ಎಂದೆ. "ನಮ್ಮ ಮಗಳಿಗೆ ಏನಂತ ಹೆಸರಿಡೂಣು?"

ಯಾವ ಮಗಳು ಎಂದು ಅವರು ಕೇಳಲಿಲ್ಲ.

"ನಾ ಅವತ್ತೇ ಇಟ್ಟೀನಿ, ಕಲ್ಯಾಣಿ," ಎಂದರು. "ಹೆಸರಿಲ್ಲದ ಹ್ಯಾಂಗ ಮಣ್ಣಿಗೆ ಕೊಡ್ಲಿ ಕೂಸಿನ್ನ? ಕಿವ್ಯಾಗ ಮೂರು ಸಲ ಹೇಳೇ ಕೊಟ್ಟೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ಹೆಸರು ಹೇಳಿದರು. ನಾನು ಕಣ್ಣೊರೆಸಿಕೊಂಡು ಅಂಗಡಿಯೊಳಗೆ ಹೋದೆ. ಸಿರಿಶಾ ಬೇಳೆ ಕಟ್ಟಿ ಕಾಯುತ್ತಿದ್ದಳು.

"ತನ್ಮಯಿ," ಎಂದೆ. "ನನ್ನ ಮಗಳ ಹೆಸರು ತನ್ಮಯಿ."