ಹನ್ನೊಂದು ಗಂಟೆಯ ಇಳಿತ

ಚಿಪ್ಪು ಚಿಮ್ಮಿತು, ಅಗೋ ಅಲ್ಲಿ, ಬಂಡೆಯ ಬುಡದಿಂದ ಹತ್ತು ಹೆಜ್ಜೆ ಆಚೆ, ಕೆಸರಿನ ತೂತಿನಿಂದ ಬೆರಳುದ್ದದ ನೀರು ಮೇಲೆ ಹಾರಿ ಬಿತ್ತು, ಒಳಗೆ ಒಳ್ಳೆಯ ದಪ್ಪನೆಯ ಚಿಪ್ಪುಮೀನೇ ಇದೆ, ಅದನ್ನು ಕುರ್ಚಿಯ ಮೇಲೆ ಕೈಕಟ್ಟಿ ಕೂತು ನೋಡುವುದೆಂದರೆ — ಬಾಸ್ಟನ್ನಿನ ಹೆಂಗಸರು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದಾರೆ, ಪಾಪ, ಈ ವಾಸನೆ ಅವರಿಗೆ ಕೊಳೆತದ್ದು, ನನಗೆ ಅದು ಊಟ, ಅಮಾವಾಸ್ಯೆಯ ಇಳಿತ, ಹನ್ನೊಂದಕ್ಕೆ ಸರಿಯಾಗಿ ಕೊಲ್ಲಿ ಪೂರ್ತಿ ಬರಿದು, ಅರ್ಧ ಮೈಲಿಯವರೆಗೆ ಬರೀ ಕೆಸರು, ಇವರು ಅದೇ ಹನ್ನೊಂದಕ್ಕೆ ಸಮಾರಂಭ ಇಟ್ಟುಕೊಂಡಿದ್ದಾರೆ. ಮೆರಿಟ್ ಕೊಲ್ಲಿಯಲ್ಲಿ ಮದುವೆಗೂ ಮಣ್ಣಿಗೂ ಮೊದಲು ಉಬ್ಬರ ಇಳಿತದ ಪಟ್ಟಿ ನೋಡುತ್ತೇವೆ, ಇವರು ನೋಡಿದ್ದು ರೈಲಿನ ಪಟ್ಟಿ. ಊರ ಸಭೆಯ ಮುಖ್ಯಸ್ಥ ಓರಿನ್‌ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ, ಇವರು ಕೇಳಲಿಲ್ಲ, ಅವನೂ ಹೇಳಲಿಲ್ಲ, ಈಗ ಹಿಂದಿನ ಸಾಲಿನಲ್ಲಿ ಕೂತು ಮೀಸೆಯೊಳಗೇ ನಗುತ್ತಿದ್ದಾನೆ, ಕಳ್ಳ.

ಪ್ರೊಫೆಸರ್ ಭಾಷಣ ಇನ್ನೂ ಮುಗಿಸಿಲ್ಲ, ಮಹಾ ಕಾದಂಬರಿಕಾರ ಆಂಬ್ರೋಸ್ ಥೇಯರ್ ಹುಟ್ಟಿ ಇಂದಿಗೆ ನೂರು ವರ್ಷವಂತೆ, ಒಂಬತ್ತು ಕಾದಂಬರಿ, ಅಮೆರಿಕದ ಆತ್ಮ ಕಡಲಿನಲ್ಲಿದೆ ಎಂದು ತೋರಿಸಿಕೊಟ್ಟವರಂತೆ, ಮನುಷ್ಯನ ಹಟ, ದೇವರ ಮೌನ — ಇದ್ದಿರಬಹುದು, ನಾನು ಕಂಡದ್ದು ನಮ್ಮಮ್ಮನ ಮಹಡಿಯ ಕೋಣೆಯಲ್ಲಿ ಬೇಸಿಗೆ ಕಳೆಯುತ್ತಿದ್ದ ಐವತ್ತು ದಾಟಿದ ಗಂಡಸನ್ನು, ಶನಿವಾರದ ಬೀನ್ಸ್ ತಿಂದರೆ ಹೊಟ್ಟೆ ಉಬ್ಬರ, ಮಸಿ ಚೆಲ್ಲಿದ ಹಾಸಿಗೆಯ ಬಟ್ಟೆ ತೊಳೆದವಳು ನಾನು, ಕೆಟ್ಟವನಲ್ಲ, ಮೆಟ್ಟಿಲಿನಲ್ಲಿ ಎದುರಾದರೆ ಟೋಪಿ ತೆಗೆಯುತ್ತಿದ್ದ. ಒಂಬತ್ತರಲ್ಲಿ ಏಳು ಪುಸ್ತಕಗಳ ಕೊನೆಗೆ ಹೆಂಗಸೊಬ್ಬಳು ಸಾಯುತ್ತಾಳೆ, ಎಣಿಸಿದ್ದೇನೆ, ಅದರಲ್ಲೂ ಎಲ್ಲರೂ ಓದಿದ್ದು, ಎಲ್ಲರೂ ಅತ್ತದ್ದು ನಮ್ಮೂರಿನದು, ಮೀನುಗಾರ ಗಂಡ ಮುಳುಗುತ್ತಾನೆ, ಮರುದಿನ ಹೆಂಡತಿ ಈ ಬಂಡೆಯಿಂದ ಅಲೆಗಳೊಳಗೆ ನಡೆದು ಹೋಗುತ್ತಾಳೆ. ಈ ಬಂಡೆಯಿಂದ! ಮೊಣಕಾಲು ನೆನೆಯಬೇಕಾದರೆ ಊಟದ ಹೊತ್ತಿನವರೆಗೆ ನಡೆಯಬೇಕು ಎಂದು ಊರವರೆಲ್ಲ ಬಿದ್ದು ಬಿದ್ದು ನಕ್ಕರು, ಹೆಂಡತಿ ಯಾರೆಂದು ಅವರಿಗೆ ಗೊತ್ತಿತ್ತು, ಆ ವರ್ಷ ಗಂಡನನ್ನು ಕಳೆದುಕೊಂಡವಳು ನಾನೊಬ್ಬಳೇ. ಓರಿನ್ ಇವತ್ತಿಗೂ ಬೆಳಿಗ್ಗೆ ಎದುರಾದರೆ ಏನೇ ಲವೀನಾ, ಇನ್ನೂ ಮುಳುಗಿಲ್ವೇನೇ ಎನ್ನುತ್ತಾನೆ, ಇಲ್ಲ ಕಣೋ, ನಿನ್ನ ಹೂತು ಹಾಕಿ ಆಮೇಲೆ ಮುಳುಗ್ತೀನಿ. ಬೇಸಿಗೆಯಲ್ಲಿ ಪ್ರವಾಸಿಗಳು ಬಂದು ಬಂಡೆಯಿಂದ ಹೂವು ಎಸೆದು ಕಣ್ಣೊರೆಸಿಕೊಳ್ಳುತ್ತಾರೆ, ಅವರ ಕಾಲಬುಡದಲ್ಲೇ ನಾನು ಬಗ್ಗಿ ಅಗೆಯುತ್ತಿರುತ್ತೇನೆ, ಹೂವು ನನ್ನ ನಾಲ್ಕು ಹಲ್ಲಿನ ಗುದ್ದಲಿಗೆ ಸಿಕ್ಕಿಕೊಳ್ಳುತ್ತದೆ, ಅಜ್ಜೀ ಸ್ವಲ್ಪ ಸರೀರಿ, ಫೋಟೋಗೆ ಅಡ್ಡ ಬರ್ತೀರಿ. ಸರಿದಿದ್ದೇನೆ, ಎಷ್ಟು ಸಲವೋ.

ಆದರೆ ಇನ್ನು ಸರಿಯುವುದೆಲ್ಲಿಗೆ, ಸ್ಮಾರಕ ಸಮಿತಿಯ ಮಿಸೆಸ್ ಲಾಥ್ರಪ್ ಅರ್ಜಿ ತಂದಿದ್ದಾರೆ, ಈ ಕೊಲ್ಲಿ ಪವಿತ್ರ ಜಾಗ, ಇಲ್ಲಿ ಚಿಪ್ಪು ಅಗೆಯುವುದು ಇನ್ನು ಶಾಶ್ವತವಾಗಿ ನಿಲ್ಲಬೇಕು, ಬುಟ್ಟಿ ಗುದ್ದಲಿಗಳಿಂದ ನೋಟ ಕೆಡುತ್ತದೆ, ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಊರು ಕೈ ಎತ್ತಿ ತೀರ್ಮಾನಿಸಬೇಕು. ಅರ್ಧ ಊರು ಎತ್ತುತ್ತದೆ, ನನಗೆ ಗೊತ್ತು, ನನ್ನ ಮಗಳು ಹ್ಯಾಟಿಯೂ ಎತ್ತುತ್ತಾಳೆ, ಅಮ್ಮಾ ನಿನ್ನ ಸೊಂಟ ನೋಡ್ಕೋ, ಅರವತ್ತೊಂಬತ್ತಾಯ್ತು, ಬಿಸಾಕು ಆ ಗುದ್ದಲಿನ, ಪ್ರವಾಸಿಗಳಿಗೆ ರೂಮು ಕೊಡೋಣ, ಮಾನವಾಗಿ ಬದುಕೋಣ — ಮಾನವಾಗಿ! ಆ ಮಾತು ನನ್ನನ್ನು ಇರಿಯಿತು, ನಾಲ್ಕು ದಿನದಿಂದ ಇರಿಯುತ್ತಲೇ ಇದೆ, ಕೈ ಕೆಸರಾದರೆ ಬಾಯಿ ಮೊಸರು, ನಿನ್ನ ಬಾಯಿಗೆ ಬಿದ್ದದ್ದೆಲ್ಲ ಇದೇ ಕೆಸರಿನದು ಕಣೇ ಎನ್ನಬೇಕಿತ್ತು, ಪಾತ್ರೆ ತೊಳೆದೆ.

ಈಗ ನಾಟಕದ ಹುಡುಗಿ ಎದ್ದಳು, ಬಿಳಿ ಗೌನು, ಬಿಚ್ಚಿದ ಕೂದಲು, ನಾನು ಹೀಗಿದ್ದೆನೇ, ನನ್ನ ಕೂದಲು ಯಾವತ್ತೂ ಮೀನಿನ ಎಣ್ಣೆ ವಾಸನೆ, ಪುಸ್ತಕದ ಕೊನೆಯ ಪುಟ ಓದುತ್ತಿದ್ದಾಳೆ, ಅಲೆಗಳು ಅವಳನ್ನು ಬಾ ಎಂದು ಕರೆದವು, ಹೂವಿನ ಚಕ್ರವನ್ನು ಎರಡೂ ಕೈಯಲ್ಲಿ ಎತ್ತಿ ಎಸೆದಳು — ಥಪ್. ಕೆಸರಿನ ಮೇಲೆ. ಚಕ್ರದ ಪಕ್ಕದಲ್ಲೇ ಚಿಪ್ಪೊಂದು ಚಿಮ್ಮಿತು, ಓರಿನ್ ಕೆಮ್ಮಿದ, ಕೆಮ್ಮಲ್ಲ ಅದು. ಯಾರಾದರೂ ಅದನ್ನು ನೀರಿನವರೆಗೆ ಒಯ್ಯಿರಿ ಎಂದರು ಮಿಸೆಸ್ ಲಾಥ್ರಪ್, ಮುಖ ಕೆಂಪು, ಗಂಡಸರೆಲ್ಲ ತಮ್ಮ ತಮ್ಮ ಹೊಳೆಯುವ ಭಾನುವಾರದ ಷೂ ನೋಡಿಕೊಂಡರು, ನನ್ನ ಲಂಗದ ಕೆಳಗೆ ರಬ್ಬರ್ ಬೂಟು ಇದೆ, ಇಳಿತದ ದಿನ ಬೇರೆ ಏನು ಹಾಕಿಕೊಳ್ಳಲಿ, ನಾನು ಎದ್ದೇಬಿಟ್ಟೆ, ಕಾಲು ತಾನೇ ಎದ್ದಿತು. ನನ್ನನ್ನೇ ಕೂಗಿದರು, ಮಿಸೆಸ್ ಬೀಲ್, ನೀವು ಎಲ್ಲಿಗೆ ಹೊರಟ್ರಿ? ಮುಳುಗೋಕೆ ಕಣಮ್ಮಾ, ಪುಸ್ತಕದಲ್ಲಿರೋ ಆ ಹೆಂಗಸು ನಾನೇ, ನಲವತ್ತಾರು ವರ್ಷ ತಡ ಆಯ್ತು ಅಷ್ಟೆ. ಊರು ಹೋ ಎಂದು ನಕ್ಕ ಸದ್ದು ಬೆನ್ನಿಗೆ ಬಿತ್ತು, ನಾನು ತಿರುಗಿ ನೋಡಲಿಲ್ಲ.

ಚಕ್ರ ಭುಜಕ್ಕೆ ಹಾಕಿಕೊಂಡು ನಡೆಯುತ್ತಿದ್ದೇನೆ, ಕೆಸರು ಬೂಟನ್ನು ಎಳೆಯುತ್ತದೆ ಬಿಡುತ್ತದೆ, ಇದೇ ದಾರಿ, ಆವತ್ತು ಬರಿಗಾಲು, ನನ್ನ ಗಂಡ ಎಲಿಷಾನ ದೋಣಿ ಮಗುಚಿಕೊಂಡು ದಡಕ್ಕೆ ಬಂದ ಮರುದಿನ, ಯಾರಿಗೂ ಹೇಳಿಲ್ಲ ನಾನು ಇದನ್ನು, ಓರಿನ್‌ಗೂ ಇಲ್ಲ, ಹ್ಯಾಟಿಗೂ ಇಲ್ಲ — ಊರವರು ಥೇಯರ್ ಕಟ್ಟಿದ ಕಥೆಯೆಂದು ನಕ್ಕರು, ಕಟ್ಟಿದ್ದಲ್ಲ, ನಾನು ಹೊರಟದ್ದು ನಿಜ. ಸಾಯಲೆಂದೇ ಹೊರಟೆ. ಆದರೆ ಇಳಿತವಾಗಿತ್ತು, ನೀರು ಅಷ್ಟು ದೂರ, ನಡೆದೆ, ನಡೆದೆ, ಸಾವು ಹಿಂದೆ ಹಿಂದೆ ಸರಿಯಿತು, ಹೆಜ್ಜೆ ಹೆಜ್ಜೆಗೂ ಪಾದದ ಪಕ್ಕದಲ್ಲಿ ಚಿಮ್ಮುತ್ತಿತ್ತು, ಇಲ್ಲೊಂದು, ಅಲ್ಲೊಂದು, ಎರಡು ದಿನದಿಂದ ಏನೂ ತಿಂದಿರಲಿಲ್ಲ, ಹೊಟ್ಟೆಯೊಳಗೆ ಹ್ಯಾಟಿ ಒದ್ದಳು, ಹೊಟ್ಟೆ ಕೇಳಬೇಕಲ್ಲ, ದುಃಖಕ್ಕೆ ನಾಚಿಕೆ ಇತ್ತು, ಹಸಿವಿಗೆ ಇರಲಿಲ್ಲ, ನೀರಿನ ಅಂಚಿಗೆ ಹೋಗುವ ಮೊದಲೇ ಮೊಣಕಾಲೂರಿ ಬರಿಗೈಯಲ್ಲಿ ಅಗೆದೆ, ಉಗುರು ಕಿತ್ತು ಬಂತು, ಮಡಿಲು ತುಂಬಿಕೊಂಡು ಮರಳಿದೆ, ಅಮ್ಮನ ಒಲೆಯ ಮೇಲೆ ಬೇಯಿಸಿ ಚಿಪ್ಪಿನ ನೀರನ್ನೂ ಕುಡಿದೆ. ಮುಂದಿನ ಬೇಸಿಗೆ ಥೇಯರ್ ಬಂದ, ನನ್ನ ಕಂಕುಳಿನ ಕೂಸನ್ನು ಕಂಡು ಮೆಟ್ಟಿಲಿನಲ್ಲೇ ನಿಂತ, ಟೋಪಿ ತೆಗೆಯಲೂ ಮರೆತ, ನೀನು ಹೋಗೋದನ್ನ ಕಿಟಕಿಯಿಂದ ನೋಡಿದೆ ಲವೀನಾ, ಅಗೆಯೋಕೆ ಹೊರಟಿದ್ದೀಯ ಅಂದ್ಕೊಂಡೆ, ಆದ್ರೆ ಆ ನಡಿಗೆ ಬಿಡಲಿಲ್ಲ, ಬರೆಯೋಕೆ ಕೂತೆ, ವಾಪಸ್ ಬಂದದ್ದು ನೋಡಲಿಲ್ಲ, ಮಧ್ಯಾಹ್ನದ ಹಡಗಿಗೆ ಹೊರಟ್ಹೋದೆ, ಆಮೇಲೆ ನೀನು ಹೇಗೆ ಬದುಕ್ತೀಯ ಅಂತ ನಂಗೆ ಹೊಳೀಲೇ ಇಲ್ಲ, ಅದಕ್ಕೇ ಕಥೇಲಿ ಮುಳುಗಿಸಿಬಿಟ್ಟೆ. ಅಷ್ಟು ಓದಿದವನಿಗೆ ಹೊಳೆಯಲಿಲ್ಲ! ಆಗ ಸಿಟ್ಟು ಬಂತು, ಈಗ ನಗು ಬರುತ್ತಿದೆ, ಅಯ್ಯಾ ಥೇಯರ್, ಒಂದು ಗಂಟೆ ಕಿಟಕಿಯಲ್ಲಿ ನಿಂತಿದ್ದರೆ ನಿನಗೆ ಹತ್ತನೆಯ ಪುಸ್ತಕ ಸಿಗುತ್ತಿತ್ತು.

ನೀರು ಬಂತು, ತಣ್ಣಗೆ, ಬೂಟಿನ ಅರ್ಧಕ್ಕೆ, ಚಕ್ರವನ್ನು ತೇಲಿಬಿಟ್ಟೆ, ಎಲಿಷಾ, ಇದು ನಿನಗೆ, ನನಗಲ್ಲ. ಇನ್ನು ತಿರುಗಬೇಕು, ಅವನು ನೋಡದೆ ಬಿಟ್ಟದ್ದು ಇದನ್ನೇ, ನೋಡಿ ಎಲ್ಲರೂ, ಕರವಸ್ತ್ರ ತೆಗೆದು ನೋಡಿ, ಪುಸ್ತಕದಲ್ಲಿ ಸತ್ತವಳು ದಡದ ಕಡೆಗೆ ನಡೆದು ಬರುತ್ತಿದ್ದಾಳೆ — ಅದೇನು, ಕುರ್ಚಿಗಳು ಖಾಲಿಯಾಗುತ್ತಿವೆ, ದೋಣಿಮನೆಯ ಹಿಂದಿನಿಂದ ಗುದ್ದಲಿಗಳು ಬಂದವು, ಬುಟ್ಟಿಗಳು ಬಂದವು, ಭಾನುವಾರದ ಪ್ಯಾಂಟು ಮಡಿಸಿಕೊಂಡು ಗಂಡಸರು ಕೆಸರಿಗೆ ಇಳಿಯುತ್ತಿದ್ದಾರೆ, ಅಮಾವಾಸ್ಯೆಯ ಇಳಿತವನ್ನು ಯಾವ ಮೂರ್ಖ ಹಾಳು ಮಾಡುತ್ತಾನೆ, ಓರಿನ್ ಬಂಡೆಯ ಮೇಲೆ ನಿಂತು ಕೂಗುತ್ತಿದ್ದಾನೆ, ಮಿಸೆಸ್ ಲಾಥ್ರಪ್, ಊರಿನ ಕೈಯೆಲ್ಲ ಕೆಸರಲ್ಲಿದೆ, ಮಧ್ಯಾಹ್ನ ಎತ್ತೋಕೆ ಒಂದೂ ಉಳಿದಿಲ್ಲ! ಎಲ್ಲರಿಗಿಂತ ಮುಂದೆ ಯಾರು ಅದು, ಷೂ ಬಿಚ್ಚಿ ಬರಿಗಾಲಲ್ಲಿ ಓಡಿ ಬರುತ್ತಿರುವವಳು, ಹ್ಯಾಟಿ, ನನ್ನ ಹ್ಯಾಟಿ, ಕೈಯಲ್ಲಿ ನನ್ನ ಗುದ್ದಲಿ, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಅಮ್ಮಾ, ಹಿಂದೆ ಬಾ ಅಮ್ಮಾ. ಬರ್ತಿದೀನಿ ಕಣೇ. ಆವತ್ತೂ ಬಂದೆ, ನಿನ್ನನ್ನೂ ಕರೆದುಕೊಂಡೇ ಬಂದೆ, ಸಂಜೆ ಎಲ್ಲ ಹೇಳುತ್ತೇನೆ, ಈಗ ಸುಮ್ಮನಿರು, ಅಲ್ಲಾಡಬೇಡ, ನಿನ್ನ ಬರಿಗಾಲಿನ ಪಕ್ಕದಲ್ಲಿ ನೋಡು, ಅಗೋ — ಚಿಮ್ಮಿತು.